ಗಾಡಿ ಮಾರುವ ಆ್ಯಪ್: ಐದಕ್ಕೆ ಮೂರು ಸ್ಟಾರ್

ನನ್ನ ಕೆಎ-20 ನಂಬರಿನ ಹಳೆ ಆಕ್ಟಿವಾವನ್ನು ಫ್ರೀ ಜಾಹೀರಾತಿನ ಆ್ಯಪ್ ಒಂದರಲ್ಲಿ ಮಾರಿದೆ. ಫೋಟೋ ಹಾಕುವುದು ಸುಲಭ, ಬ್ರೋಕರ್ ಕಮಿಷನ್ ಇಲ್ಲ. ಮೂರು ಸ್ಟಾರ್ ಅದಕ್ಕೇ.

ಎರಡು ಕಟ್ ಮಾಡಿದ್ದು ಅಲ್ಲಿ ಬರುವ ಗಿರಾಕಿಗಳಿಂದ. ಮೊದಲ ಕರೆಯೇ "ಆರ್ಮಿಯಲ್ಲಿದ್ದೇನೆ, ಪೋಸ್ಟಿಂಗ್ ದೂರ" ಎನ್ನುವವನದ್ದು. ಗಾಡಿ ನೋಡುವ ಮಾತಿಲ್ಲ, ಚೌಕಾಸಿ ಇಲ್ಲ. ಮಲ್ಪೆಯಲ್ಲಿ ಬಂಗುಡೆ ಕೊಳ್ಳುವವರೂ ಚೌಕಾಸಿ ಮಾಡ್ತಾರೆ, ಅಲ್ವಾ! ಐಡಿ ಕಾರ್ಡಿನ ಫೋಟೋ ಕಳಿಸಿದ. ಆಮೇಲೆ ಒಂದು ಕ್ಯೂಆರ್ ಕೋಡ್. "ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ಅಡ್ವಾನ್ಸ್ ಬರುತ್ತೆ" ಅಂದ. ಯುಪಿಐಯಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡೇ. "ನನ್ನ ಯುಪಿಐ ಐಡಿ ಇದು, ಸುಮ್ನೆ ಇದಕ್ಕೆ ಹಾಕಿ" ಅಂದೆ. ಬೈದು ಫೋನ್ ಇಟ್ಟ. ರಿಪೋರ್ಟ್ ಮಾಡಿದರೂ ಅವನ ಪ್ರೊಫೈಲ್ ಸುಮಾರು ದಿನ ಹಾಗೇ ಇತ್ತು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೇ.

ಇನ್ನೊಬ್ಬ ಸ್ಕ್ರೀನ್‌ಶಾಟ್ ಕಳಿಸಿ, "ತಪ್ಪಿ ಹೆಚ್ಚು ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ" ಅಂದ. ಬ್ಯಾಂಕ್ ಆ್ಯಪ್ ತೆರೆದು ನೋಡಿದರೆ ಒಂದು ರೂಪಾಯಿಯೂ ಬಂದಿಲ್ಲ.

ಕೊನೆಗೆ ಕೊಂಡವರು ದಾವಣಗೆರೆಯವರು. ಬಸ್ಸಲ್ಲಿ ಬಂದರು, ಓಡಿಸಿ ನೋಡಿದರು, ರೇಟೂ ಇಳಿಸಿದರು. ಹಣ ಖಾತೆಗೆ ಬಿದ್ದದ್ದನ್ನು ನೋಡಿದ ಮೇಲೇ ಗಾಡಿಯನ್ನು ಅವರ ಹೆಸರಿಗೆ ಮಾಡುವ ಆರ್‌ಟಿಒ ಫಾರ್ಮ್ 29, 30ಕ್ಕೆ ಸೈನ್ ಹಾಕಿದೆ.

ಇಂಥ ಮೋಸದಲ್ಲಿ ದುಡ್ಡು ಕಳಕೊಂಡವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ಚಾಟ್ ಪುಟದಲ್ಲೇ ತೋರಿಸಿದ್ದರೆ ಇನ್ನೊಂದು ಸ್ಟಾರ್ ಕೊಡುತ್ತಿದ್ದೆ.