ಬೆಳ್ಳಿ, ಸಿಮೆಂಟ್, ಲೈಟ್ ಫಿಲ್ಲಿಂಗ್: ನನ್ನ ದವಡೆ ಹಲ್ಲಿಗೆ ಒಗ್ಗಿದ್ದು ಯಾವುದು?

ಎರಡು ದವಡೆ ಹಲ್ಲುಗಳ ಸಂದಿಯಲ್ಲಿ ಹುಳುಕು ಬಿದ್ದಿದ್ದರೆ ಲೈಟ್ ಫಿಲ್ಲಿಂಗನ್ನೇ ಮಾಡಿಸಿ. ಕಾಂಪೊಸಿಟ್ ಅನ್ನುತ್ತಾರಲ್ಲ, ನೀಲಿ ಲೈಟ್ ಹಿಡಿದು ಗಟ್ಟಿ ಮಾಡುವ ಹಲ್ಲಿನ ಬಣ್ಣದ ಫಿಲ್ಲಿಂಗ್, ಅದು. ದುಡ್ಡು ಜಾಸ್ತಿ, ಹೊತ್ತೂ ಜಾಸ್ತಿ. ಆದರೂ ಅದೇ ಸರಿ. ಮೂರು ಥರದ ಫಿಲ್ಲಿಂಗನ್ನೂ ನನ್ನ ಬಾಯಲ್ಲೇ ನೋಡಿದ ಮೇಲೆ ಹೇಳುತ್ತಿದ್ದೇನೆ.

ಬೆಳ್ಳಿ ಫಿಲ್ಲಿಂಗ್ ಕಾಲೇಜಿಗೆ ಹೋಗುವಾಗ ಹಾಕಿಸಿದ್ದು. ಎಡಗಡೆ ಕೆಳಗಿನ ದವಡೆಯಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಕಬ್ಬು ಅಗಿಯುವುದು ಆ ಕಡೆಯಿಂದಲೇ. ಹೆಸರಿಗೆ ಬೆಳ್ಳಿ, ಆದರೆ ಅದರಲ್ಲಿ ಅರ್ಧದಷ್ಟು ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಅದು ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಕಚ್ಚಿಕೊಂಡು ಕೂರಲಿ ಎಂದು ಚೆನ್ನಾಗಿರುವ ಹಲ್ಲನ್ನೂ ಸ್ವಲ್ಪ ಕೊರೆಯಬೇಕು. ನನಗೆ ಇಷ್ಟವಾಗದ್ದು ಇದೇ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಆದ ಮಿನಮಾಟ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿದೆ. ಹಾಗಂತ ಬಾಯಲ್ಲಿ ಸರಿಯಾಗಿ ಕೂತಿರುವ ಹಳೇ ಬೆಳ್ಳಿಯನ್ನು ಸುಮ್ನೆ ಕೀಳಿಸಬೇಡಿ. ಕೀಳುವಾಗಲೇ ಪಾದರಸದ ಆವಿ ಜಾಸ್ತಿ ಬರುತ್ತದೆ.

ನನ್ನನ್ನು ಸತಾಯಿಸಿದ್ದು ಸಿಮೆಂಟ್, ಅಂದರೆ ಜಿಐಸಿ (ಗ್ಲಾಸ್ ಅಯೊನೊಮರ್ ಸಿಮೆಂಟ್). ಬಲಗಡೆ ಎರಡು ದವಡೆ ಹಲ್ಲಿನ ಸಂದಿಗೆ ಮಂಡ್ಯದ ಒಂದು ಕ್ಲಿನಿಕ್‌ನಲ್ಲಿ ಹಾಕಿದರು. ಬೇಗ ಮುಗಿಯಿತು, ಐನೂರು ರೂಪಾಯಿಯ ಆಸುಪಾಸು. ಆಮೇಲೆ ಶುರುವಾಯಿತು ಕಾಟ. ಪಕ್ಕದ ಹಲ್ಲಿಗೂ ಫಿಲ್ಲಿಂಗಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿದಿತ್ತು. ಮುದ್ದೆಯಿಂದ ತೊಂದರೆಯಿಲ್ಲ, ಅದನ್ನು ನುಂಗುತ್ತೇವೆ. ಬಸ್ಸಾರಿನ ಸೊಪ್ಪು, ನುಗ್ಗೆಕಾಯಿ ನಾರು, ಮಟನ್ ಎಳೆ, ಎಲ್ಲವೂ ಅಲ್ಲೇ ಹೋಗಿ ಸಿಕ್ಕಿಕೊಳ್ಳುತ್ತಿತ್ತು.

ಊಟವಾದ ಮೇಲೆ ನಾಲಿಗೆ ಅಲ್ಲೇ ಆಡುತ್ತಿರುತ್ತದೆ. ಕಡ್ಡಿ ಹಾಕಿ ಕೆದಕಿದರೆ ವಸಡಿನಿಂದ ರಕ್ತ. ಬಿಟ್ಟರೆ ರಾತ್ರಿ ಒತ್ತಿದಂಥ ನೋವು, ಬೆಳಗ್ಗೆ ಬಾಯಿ ವಾಸನೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಯಾವುದು ಸಿಕ್ಕಿಕೊಳ್ಳುತ್ತದೋ ಎಂಬುದೇ ಯೋಚನೆ. ಸಿಮೆಂಟ್ ಬೇರೆ ದಿನ ಕಳೆದಂತೆ ಸವೆಯಿತು, ಸಂದಿ ದೊಡ್ಡದಾಯಿತು. ಹೋಗಿ ಹೇಳಿದರೆ, ‘ಫಿಲ್ಲಿಂಗ್ ಗಟ್ಟಿಯಾಗೇ ಇದೆಯಲ್ಲ, ಚೆನ್ನಾಗಿ ಬ್ರಷ್ ಮಾಡಿ’ ಎಂದು ಕಳಿಸಿದರು. ಫಿಲ್ಲಿಂಗ್ ಬಿದ್ದುಹೋಗಿಲ್ಲ, ನಿಜ. ಆದರೆ ಅನ್ನ ತಿನ್ನಲು ಆಗದ ಹಲ್ಲು ಗಟ್ಟಿಯಿದ್ದು ಏನು ಬಂತು? ಸಿಕ್ಕಿಕೊಂಡ ಆಹಾರ ಕೊಳೆತು ಪಕ್ಕದ ಹಲ್ಲಿಗೂ ಹುಳುಕು ತರಬಹುದು ಅಲ್ವಾ?

ಕೊನೆಗೆ ಮೈಸೂರಿನಲ್ಲಿ ಅದನ್ನು ತೆಗೆಸಿ ಕಾಂಪೊಸಿಟ್ ಹಾಕಿಸಿದೆ. ಅಲ್ಲಿನ ಡಾಕ್ಟರ್ ಹೆಚ್ಚು ಹೊತ್ತು ತೆಗೆದುಕೊಂಡಿದ್ದು ಸಂದಿಗೇ. ಹಲ್ಲುಗಳ ನಡುವೆ ತೆಳುವಾದ ಲೋಹದ ಪಟ್ಟಿ, ಬುಡದಲ್ಲಿ ಪುಟ್ಟ ಬೆಣೆ, ಮೇಲೊಂದು ಸ್ಪ್ರಿಂಗ್ ಉಂಗುರ. ಉಂಗುರ ಎರಡೂ ಹಲ್ಲನ್ನು ಒಂಚೂರು ದೂರ ತಳ್ಳುತ್ತದೆ. ಕೆಲಸ ಮುಗಿಸಿ ತೆಗೆದಾಗ ಹಲ್ಲುಗಳು ತಮ್ಮ ಜಾಗಕ್ಕೆ ಬಂದು, ಪಟ್ಟಿ ಇದ್ದ ಜಾಗವೂ ಮುಚ್ಚಿಹೋಗುತ್ತದೆ. ಎಂಜಲು ತಾಗಿದರೆ ಕಾಂಪೊಸಿಟ್ ಹಿಡಿಯುವುದಿಲ್ಲ, ಅದಕ್ಕೇ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಒಂದೊಂದೇ ತೆಳು ಪದರ ಇಟ್ಟು ನೀಲಿ ಲೈಟ್ ಹಿಡಿದರು. ಒಟ್ಟಿಗೆ ತುಂಬಿದರೆ ಲೈಟ್ ತಳದವರೆಗೆ ಇಳಿಯುವುದಿಲ್ಲ.

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಮರಗಟ್ಟುವ ಇಂಜೆಕ್ಷನ್ ಇಳಿದ ಮೇಲೆ ಕಚ್ಚಿದರೆ ಫಿಲ್ಲಿಂಗ್ ತುಸು ಎತ್ತರ ಅನಿಸಿತು. ಮತ್ತೆ ಹೋಗಿ ಬಣ್ಣದ ಕಾಗದ ಕಚ್ಚಿಸಿಕೊಂಡು ಉಜ್ಜಿಸಬೇಕಾಯಿತು. ತಣ್ಣನೆ ನೀರಿಗೆ ಸ್ವಲ್ಪ ಕಾಲ ಜುಂ ಅನ್ನುತ್ತಿತ್ತು, ಈಗಿಲ್ಲ. ಕಾಫಿಯಿಂದ ಬಣ್ಣ ತಿರುಗುತ್ತದಂತೆ. ಹಿಂದಿನ ಹಲ್ಲು, ಯಾರು ನೋಡುತ್ತಾರೆ?

ಖರ್ಚು ಸಿಮೆಂಟಿನ ಮೂರು ಪಟ್ಟು ಹತ್ತಿರ. ಕೈ ಬಿಗಿಯಿದ್ದರೆ ಮೈಸೂರಿನಲ್ಲಿ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ಮೇಷ್ಟ್ರ ಕಣ್ಣೆದುರು ವಿದ್ಯಾರ್ಥಿಗಳು ಮಾಡುತ್ತಾರೆ. ದರ ಕಡಿಮೆ, ಆದರೆ ಒಂದು ಬೆಳಗ್ಗೆ ಪೂರ್ತಿ ಬಿಡುವು ಮಾಡಿಕೊಂಡು ಹೋಗಿ.

ಸಿಮೆಂಟ್ ದಂಡವೆಂದು ಹೇಳುತ್ತಿಲ್ಲ. ಅದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಪಕ್ಕ ಸವೆದ ಹಲ್ಲಿಗೆ ಒಳ್ಳೆಯದು. ನಮ್ಮಮ್ಮನಿಗೆ ವಸಡಿನ ಹತ್ತಿರ ಹಲ್ಲು ಸವೆದಿತ್ತು, ಅದಕ್ಕೆ ನಾನೇ ಹೇಳಿ ಸಿಮೆಂಟ್ ಹಾಕಿಸಿದೆ. ಅಲ್ಲಿ ಅಗಿಯುವ ಭಾರ ನೇರವಾಗಿ ಬೀಳುವುದಿಲ್ಲ.

ಅಗಿಯುವ ಹಲ್ಲಿನ ಸಂದಿಗಾದರೆ ನನ್ನ ಓಟು ಕಾಂಪೊಸಿಟ್‌ಗೆ. ಕುರ್ಚಿಯಿಂದ ಏಳುವ ಮೊದಲು ಸಂದಿಯಲ್ಲಿ ಫ್ಲಾಸ್ ದಾರ ಹಾಕಿ ತೋರಿಸಲು ಡಾಕ್ಟರನ್ನು ಕೇಳಿ. ದಾರ ಬಿಗಿಯಾಗಿ, ಟಕ್ ಎಂದು ಇಳಿಯಬೇಕು. ಸಲೀಸಾಗಿ ಜಾರಿದರೆ ಆಗಲೇ ಹೇಳಿ ಸರಿಮಾಡಿಸಿಕೊಳ್ಳಿ.