ಸಾರ್ಕೋಮಾ ಕ್ಲಿನಿಕ್‌ಗೆ ನನ್ನ ಅಂಕ: ಐದಕ್ಕೆ ನಾಲ್ಕು

ನಾನು ಟೈಲರ್. ಬಲತೊಡೆಯ ಗಂಟನ್ನು ಟೇಪು ಹಿಡಿದು ನಾನೇ ಅಳೆದಿದ್ದೆ, ಎರಡೂವರೆ ಇಂಚು. ನೋವಿರಲಿಲ್ಲ, ಅದಕ್ಕೇ ನಾಲ್ಕು ತಿಂಗಳು ಸುಮ್ಮನಿದ್ದೆ. ಮೊದಲು ತೋರಿಸಿದ ಕಡೆ ಒತ್ತಿ ನೋಡಿ, "ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ" ಎಂದು ಆಪರೇಷನ್‌ಗೆ ದಿನವನ್ನೂ ಕೊಟ್ಟರು. ಅಲ್ಲಿನ ನರ್ಸ್ ಒಬ್ಬರು ಹೊರಗೆ ಬಂದು, "ಐದು ಸೆಂಟಿಮೀಟರ್ ದಾಟಿದೆ, ಆಳದಲ್ಲೂ ಇದೆ. ಸ್ಕ್ಯಾನ್ ಇಲ್ಲದೆ ಮುಟ್ಟಿಸಿಕೊಳ್ಳಬೇಡಿ ಅಕ್ಕಾ" ಎಂದರು. ಹಾಗೆ ಇಲ್ಲಿಗೆ ಬಂದೆ. ಸಾರ್ಕೋಮಾ ಅಂದರೆ ಕೊಬ್ಬು, ಮಾಂಸಖಂಡ, ಮೂಳೆಯಂಥ ಕಡೆ ಹುಟ್ಟುವ ಕ್ಯಾನ್ಸರ್.

ಇಲ್ಲಿ ಮೂರು ವಾರ ಯಾರೂ ಚಾಕು ಎತ್ತಲಿಲ್ಲ. ಎಂಆರ್‌ಐ, ಆಮೇಲೆ ಸೂಜಿ ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು), ಎದೆಯ ಸಿಟಿ, ನಂತರ ಡಾಕ್ಟರುಗಳ ಮೀಟಿಂಗು. ನನಗೋ ಸಿಟ್ಟು: ಒಳಗೆ ಬೆಳೀತಿದೆ, ಇವರು ಮೀಟಿಂಗ್ ಮಾಡ್ತಾರೆ! ಆದರೆ ಬಯಾಪ್ಸಿ ದಿನ ಆಪರೇಷನ್ ಮಾಡಬೇಕಾದ ಸರ್ಜನ್ನೇ ಬಂದು, ಸೂಜಿ ಎಲ್ಲಿ ಹೋಗಬೇಕೆಂದು ತೊಡೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದರು. ಸೂಜಿ ಹೋದ ದಾರಿಯನ್ನೂ ಮುಂದೆ ಗಡ್ಡೆಯ ಜೊತೆ ತೆಗೆಯಬೇಕಾಗಬಹುದಂತೆ. ನಾವು ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ. ಆ ಕ್ಷಣ ಸಿಟ್ಟು ಇಳಿಯಿತು.

ರಿಪೋರ್ಟಿನಲ್ಲಿ ಬಂದದ್ದು ಮಿಕ್ಸಾಯ್ಡ್ ಲೈಪೋಸಾರ್ಕೋಮಾ, ಕೊಬ್ಬಿನ ಅಂಗಾಂಶದ ಒಂದು ಬಗೆಯ ಕ್ಯಾನ್ಸರ್. ಜೀನ್ ಪರೀಕ್ಷೆಯಲ್ಲೂ ಅದೇ. ಮೃದು ಅಂಗಾಂಶದ ಸಾರ್ಕೋಮಾಗಳಲ್ಲಿ 50ಕ್ಕೂ ಹೆಚ್ಚು ಬಗೆಗಳಿದ್ದು, ಒಂದೊಂದರ ನಡತೆ ಒಂದೊಂದು ಥರ. ನನ್ನದು ಬೆನ್ನುಮೂಳೆಗೂ ಹಬ್ಬಬಹುದಾದದ್ದು, ಹಾಗಾಗಿ ಬೆನ್ನಿಗೂ ಎಂಆರ್‌ಐ. ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ ಎಂದು ಮೊದಲು ಅದನ್ನೇ ಕೊಟ್ಟರು: 25 ದಿನ, ಒಟ್ಟು 50 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಅಳತೆ).

ಗಡ್ಡೆಯ ಸುತ್ತ ಸಿಪ್ಪೆಯಂಥ ಪೊರೆ ಕಾಣುತ್ತದೆ. ಅದನ್ನು ನಂಬಿ ಬೀಜ ಸುಲಿದ ಹಾಗೆ ಬಿಡಿಸಿದರೆ ಕ್ಯಾನ್ಸರ್ ಕೋಶಗಳು ಅಲ್ಲೇ ಉಳಿಯುತ್ತವೆ, ಆದ್ದರಿಂದ ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು ಎಂದು ಸರ್ಜನ್ ಚಿತ್ರ ಬರೆದು ತೋರಿಸಿದರು. ಹಾಗೆ ಸೇರಿಸಿ ತೆಗೆಯುವ ಅಂಚನ್ನು ಅವರೂ ಮಾರ್ಜಿನ್ ಅಂತಲೇ ಕರೆಯುತ್ತಾರೆ! ನಾವು ಟೈಲರ್‌ಗಳು ಬಟ್ಟೆಯಲ್ಲಿ ಮಾರ್ಜಿನ್ ಬಿಡುವುದು ಮುಂದೆ ಬಿಚ್ಚಬೇಕಾದೀತೆಂದು, ಅವರು ತೆಗೆಯುವುದು ಮತ್ತೆ ಬಿಚ್ಚುವ ಹಾಗಾಗದಿರಲೆಂದು. ಕಾಲು ಉಳಿಯಿತು. ಮಷೀನಿನ ಪೆಡಲ್ ತುಳಿಯುತ್ತೇನೆ, ಮಂಡಿ ಮಾತ್ರ ಬೆಳಿಗ್ಗೆ ಸ್ವಲ್ಪ ಬಿಗಿ.

ಒಂದು ಅಂಕ ಕಳೆದದ್ದು ಗಾಯದ ವಿಷಯಕ್ಕೆ. ರೇಡಿಯೇಷನ್ ಮೊದಲಾದರೆ ಗಾಯ ಮಾಯುವುದು ನಿಧಾನ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಹೊಲಿಗೆ ಒಂದು ಕಡೆ ಬಾಯಿ ಬಿಟ್ಟು ಏಳು ವಾರ ಡ್ರೆಸ್ಸಿಂಗ್ ಆಯಿತು. ಆ ವಾರಗಳಲ್ಲಿ ಅವರು ಕೊಟ್ಟ ನಂಬರು ಸಂಜೆಯಾದ ಮೇಲೆ ಯಾರೂ ಎತ್ತುತ್ತಿರಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಚೆಕಪ್. ಹೋಗುವವರು ಹಳೆಯ ಸ್ಕ್ಯಾನಿನ ಸಿಡಿ ಒಯ್ಯಿರಿ, ಬರೀ ರಿಪೋರ್ಟ್ ಕಾಗದ ಸಾಲದು. ಬಯಾಪ್ಸಿ ಬೇರೆ ಕಡೆ ಆಗಿದ್ದರೆ ಸ್ಲೈಡು (ಗಾಜಿನ ಮೇಲಿನ ತೆಳು ಪದರ), ಬ್ಲಾಕು (ಮೇಣದಲ್ಲಿಟ್ಟ ಚೂರು) ಎರಡನ್ನೂ ಕೇಳುತ್ತಾರೆ. ತಾವೇ ಇನ್ನೊಮ್ಮೆ ನೋಡದೆ ಮುಂದಕ್ಕೆ ಹೋಗುವುದಿಲ್ಲ.