ಮಂಗನ ಕಾಯಿಲೆಯ ಅಧ್ಯಯನ: ಕೇಸ್-ಕಂಟ್ರೋಲ್ ವಿಧಾನವೋ, ಕೋಹಾರ್ಟ್ ವಿಧಾನವೋ?

ಸಿದ್ದಾಪುರದ ಹಳ್ಳಿಗಳಲ್ಲಿ ಮಂಗನ ಕಾಯಿಲೆ ಯಾರಿಗೆ, ಏಕೆ ತಗಲುತ್ತದೆ ಎಂಬುದನ್ನು ಅಭ್ಯಸಿಸಲು ಹೊರಟಿರುವ ತಾವು, ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸುವ ಕೇಸ್-ಕಂಟ್ರೋಲ್ ವಿಧಾನ ಮತ್ತು ಆರೋಗ್ಯವಂತರನ್ನು ಮೊದಲಿನಿಂದಲೇ ಗಮನಿಸುತ್ತ ಹೋಗುವ ಕೋಹಾರ್ಟ್ ವಿಧಾನ, ಇವೆರಡರಲ್ಲಿ ಯಾವುದೆಂದು ಕೇಳಿದ್ದೀರಿ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಈ ರೋಗ ಕೆಲವರಿಗಷ್ಟೇ ತಗಲುವುದರಿಂದ ಕೋಹಾರ್ಟ್‌ಗೆ ಸಾವಿರಾರು ಜನ ಬೇಕು. ಕೇಸ್-ಕಂಟ್ರೋಲ್ ಅಧ್ಯಯನವನ್ನು ಸಾಕಷ್ಟು ರೋಗಿಗಳು ಸಿಕ್ಕರೆ ಒಂದೇ ಹಂಗಾಮಿನಲ್ಲಿ ಮುಗಿಸಬಹುದು.

ಮಾಹಿತಿಯ ವಿಶ್ವಾಸಾರ್ಹತೆ ಹೆಚ್ಚು ಸೂಕ್ಷ್ಮವಾದ ವಿಷಯ. ಜ್ವರದಿಂದ ಎದ್ದವರು ತಾವು ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋದದ್ದನ್ನು, ದರಕು (ಒಣಗಿದ ಎಲೆ) ಹೊತ್ತು ತಂದದ್ದನ್ನು, ಈ ರೋಗ ಹರಡುವ ಉಣುಗು ಕಚ್ಚಿದ್ದನ್ನು ಮತ್ತೆ ಮತ್ತೆ ನೆನೆದಿರುತ್ತಾರೆ. ಅದೇ ಬೆಟ್ಟ ತುಳಿದ ನೆರೆಮನೆಯವರು ಕಾಯಿಲೆ ಬಾರದ ಕಾರಣ ಅದನ್ನು ಮರೆತಿರುತ್ತಾರೆ. ಹೀಗಾದಾಗ ಅಪಾಯವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಇದನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ. ರೋಗಕ್ಕೆ ಮುನ್ನವೇ ದಾಖಲಿಸುವ ಕೋಹಾರ್ಟ್‌ನಲ್ಲಿ ಈ ದೋಷ ಕಡಿಮೆ, ಆದರೆ ಕೂಲಿಗಾಗಿ ಊರು ಬಿಟ್ಟವರು ಲೆಕ್ಕದಿಂದ ತಪ್ಪಿಹೋಗುತ್ತಾರೆ.

ನೂರರಲ್ಲಿ ಎಷ್ಟು ಜನರಿಗೆ ರೋಗ ಬಂತೆಂಬ ಪ್ರಮಾಣವೇ ಬೇಕಿದ್ದು, ಹಲವು ವರ್ಷದ ಅನುದಾನವೂ ಆಶಾ ಕಾರ್ಯಕರ್ತೆಯರ ನೆರವೂ ಇದ್ದರೆ ಕೋಹಾರ್ಟ್ ಸೂಕ್ತ. ಸ್ನಾತಕೋತ್ತರ ಪ್ರಬಂಧದ ಅವಧಿಯಷ್ಟೇ ಇದ್ದರೆ ಕೇಸ್-ಕಂಟ್ರೋಲ್ ಸಾಕು. ಆದರೆ ಎರಡೂ ಗುಂಪಿಗೆ ಒಂದೇ ಪ್ರಶ್ನಾವಳಿಯನ್ನು, ರೋಗಿ ಗುಣವಾದ ಕೆಲವೇ ವಾರಗಳಲ್ಲಿ ಕೇಳಬೇಕು.